ಭೇದಿಯ ಮಾತ್ರೆ, ಕ್ಷಯದ ಮಾತ್ರೆ: ಒಂದು ವಿಮರ್ಶೆ

ಭೌತವಿಜ್ಞಾನದ ಪದವಿ ತರಗತಿಯಲ್ಲಿ ಪೋಲಾರಿಮೀಟರ್ ಪ್ರಯೋಗವನ್ನು ಮಾಡದ ವಿದ್ಯಾರ್ಥಿಗಳು ವಿರಳ. ಉದ್ದನೆಯ ಗಾಜಿನ ನಳಿಕೆಯಲ್ಲಿ ಸಕ್ಕರೆಯ ದ್ರಾವಣ ತುಂಬಿ ಅದರ ಮೂಲಕ ಧ್ರುವೀಕೃತ ಬೆಳಕನ್ನು ಹಾಯಿಸಿದರೆ ಬೆಳಕಿನ ಕಂಪನತಲ ಬಲಕ್ಕೆ ತಿರುಗುತ್ತದೆ. ಎಡಕ್ಕೆ ತಿರುಗಿಸುವ ವಸ್ತುಗಳೂ ಇವೆ. ಒಂದೇ ರಾಸಾಯನಿಕ ಸೂತ್ರವಿದ್ದು ರಚನೆಯಲ್ಲಿ ಒಂದು ಇನ್ನೊಂದರ ಕನ್ನಡಿಯ ಬಿಂಬದಂತಿರುವ ಅಣುಗಳನ್ನು ಸಮಪ್ರಮಾಣದಲ್ಲಿ ಬೆರೆಸಿದರೆ ಬೆಳಕು ಎತ್ತಲೂ ತಿರುಗುವುದಿಲ್ಲ. ಇಪ್ಪತ್ತೈದು ವರ್ಷಗಳಿಂದ ಈ ಪ್ರಯೋಗವನ್ನು ಮಾಡಿಸುತ್ತಿರುವ ನನಗೆ ಇದು ಕ್ಷಯರೋಗಕ್ಕೂ ಸಂಬಂಧಿಸಿದ ವಿಷಯ ಎಂದು ಹೊಳೆದದ್ದು ಮಾತ್ರ ಒಂದು ಮದ್ದಿನ ಅಂಗಡಿಯಲ್ಲಿ.

ಕುಂದಾಪುರದ ಕಡೆ ಒಂದು ಮದುವೆ ಊಟದ ಮರುದಿನ ಹೊಟ್ಟೆ ಕೆಟ್ಟಿತು. ದಾರಿಯಲ್ಲಿ ಸಿಕ್ಕಿದ ಅಂಗಡಿಗೆ ಹೋದೆ. ಚೀಟಿ ಕೇಳಲಿಲ್ಲ, ಜ್ವರವಿದೆಯೇ ಎಂದೂ ಕೇಳಲಿಲ್ಲ. "ಇದ್ ಮೂರ್ ದಿನ ತಕಣಿ ಸರ್, ಸಮ ಆತ್ತ್" ಎಂದು ಆರು ಮಾತ್ರೆ ಕತ್ತರಿಸಿ ಕೊಟ್ಟರು. ಹಾಳೆಯ ಹಿಂದೆ ಓದಿದೆ: ಒಫ್ಲಾಕ್ಸಸಿನ್ 200 ಮಿಲಿಗ್ರಾಂ, ಆರ್ನಿಡಜೋಲ್ 500 ಮಿಲಿಗ್ರಾಂ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಈ ಜೋಡಿ ಮಾತ್ರೆಯ ಪರಿಚಯವಿಲ್ಲದ ಮನೆ ಕಡಿಮೆ. ಹೊಟ್ಟೆ ಕೆಟ್ಟರೆ ನೆಂಟರು ಕೂಡ ಪೆಟ್ಟಿಗೆಯಿಂದ ತೆಗೆದುಕೊಡುತ್ತಾರೆ.

ಒಫ್ಲಾಕ್ಸಸಿನ್ ಎಂಬುದು ಎಡಮುರಿ, ಬಲಮುರಿ ಅಣುಗಳ ಸಮಮಿಶ್ರಣ. ಬ್ಯಾಕ್ಟೀರಿಯದ ಮೇಲೆ ಬಹುಪಾಲು ಕೆಲಸ ಮಾಡುವುದು ಎಡಮುರಿ ಅಣುವೇ. ಅದನ್ನು ಬೇರ್ಪಡಿಸಿದರೆ ಸಿಗುವ ಮದ್ದಿನ ಹೆಸರು ಲೀವೊಫ್ಲಾಕ್ಸಸಿನ್. 'ಲೀವೊ' ಎಂದರೆ ಎಡ. ಸಾಮಾನ್ಯ ಕ್ಷಯದ ಮದ್ದುಗಳಿಗೆ ಬಗ್ಗದ ರೋಗಕ್ಕೆ ವೈದ್ಯರು ಆಧಾರವಾಗಿ ಇಟ್ಟುಕೊಂಡಿರುವ ಮದ್ದುಗಳಲ್ಲಿ ಇದೂ ಒಂದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇಂಥ ಮದ್ದುಗಳನ್ನು ಹೊಸದಾಗಿ ವಿಂಗಡಿಸಿದಾಗ ಮೊದಲನೆಯ ಗುಂಪಿನಲ್ಲಿ ಇಟ್ಟದ್ದು ಲೀವೊಫ್ಲಾಕ್ಸಸಿನ್ ಅಥವಾ ಮಾಕ್ಸಿಫ್ಲಾಕ್ಸಸಿನ್, ಬೆಡಾಕ್ವಿಲಿನ್ ಮತ್ತು ಲಿನೆಜೋಲಿಡ್‌ಗಳನ್ನು. ಅಂದರೆ ನನ್ನ ಜೇಬಿನಲ್ಲಿದ್ದ ಪ್ರತಿಯೊಂದು ಭೇದಿ ಮಾತ್ರೆಯಲ್ಲಿ 100 ಮಿಲಿಗ್ರಾಂನಷ್ಟು ಕ್ಷಯದ ಮೀಸಲು ಮದ್ದು ಇತ್ತು. ದಿನಕ್ಕೆ ಎರಡರಂತೆ 200 ಮಿಲಿಗ್ರಾಂ. ಮದ್ದಿಗೆ ಬಗ್ಗದ ಕ್ಷಯಕ್ಕೆ ವಯಸ್ಕರಿಗೆ ದಿನಕ್ಕೆ ಕೊಡುವುದು 750ರಿಂದ 1000 ಮಿಲಿಗ್ರಾಂ, ಅದೂ ಬೇರೆ ಮದ್ದುಗಳ ಜೊತೆಯಲ್ಲಿ, ತಿಂಗಳುಗಟ್ಟಲೆ.

'ಜೊತೆಯಲ್ಲಿ' ಎಂಬ ಮಾತು ಇಲ್ಲಿ ಮುಖ್ಯ. ಶ್ವಾಸಕೋಶದಲ್ಲಿ ಕ್ಷಯದಿಂದಾದ ಒಂದು ಕುಹರದಲ್ಲಿ 10 ಕೋಟಿಯಿಂದ 100 ಕೋಟಿಯಷ್ಟು ಬ್ಯಾಕ್ಟೀರಿಯಗಳು ಇರಬಹುದು. ಯಾವ ಮದ್ದನ್ನೂ ಕೊಡುವ ಮೊದಲೇ, ಆಕಸ್ಮಿಕ ಉತ್ಪರಿವರ್ತನೆಯಿಂದಾಗಿ ಸುಮಾರು 10 ಲಕ್ಷಕ್ಕೆ ಒಂದು ಬ್ಯಾಕ್ಟೀರಿಯ ಐಸೋನಿಯಜಿಡ್‌ಗೆ, ಸುಮಾರು 10 ಕೋಟಿಗೆ ಒಂದು ರಿಫಾಂಪಿಸಿನ್‌ಗೆ ಬಗ್ಗದಂತಿರುತ್ತದೆ. ಒಂದೇ ಮದ್ದು ಕೊಟ್ಟರೆ ಅದಕ್ಕೆ ಬಗ್ಗದ ನೂರಾರು ಉಳಿಯುತ್ತವೆ, ಬೆಳೆಯುತ್ತವೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಎರಡಕ್ಕೂ ಬಗ್ಗದ ಒಂದು ಬ್ಯಾಕ್ಟೀರಿಯ ಸಿಗಲು 10ರ ಘಾತ 14ರಷ್ಟು ಬ್ಯಾಕ್ಟೀರಿಯಗಳು ಬೇಕು. ಅಷ್ಟು ಯಾರ ಎದೆಯಲ್ಲೂ ಇರುವುದಿಲ್ಲ. ಸ್ವತಂತ್ರ ಘಟನೆಗಳ ಸಂಭವನೀಯತೆಗಳನ್ನು ಗುಣಿಸಬೇಕು ಎಂದು ಪಿಯುಸಿ ವಿದ್ಯಾರ್ಥಿಗಳು ಕಲಿಯುವ ಸೂತ್ರದ ಮೇಲೆಯೇ ಇಡೀ ಕ್ಷಯ ಚಿಕಿತ್ಸೆ ನಿಂತಿದೆ. ದಾಳ ಮತ್ತು ಇಸ್ಪೀಟಿನ ಲೆಕ್ಕಗಳ ಬದಲು ಇದನ್ನೇ ಪಾಠದಲ್ಲಿ ಹಾಕಬಾರದೇಕೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಜಪಾನಿನ ಸುಕಮುರ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ವರದಿಯನ್ನು ಈ ಲೆಕ್ಕದ ಬೆಳಕಿನಲ್ಲಿ ಓದಬೇಕು. ಹಲವು ಮದ್ದುಗಳಿಗೆ ಬಗ್ಗದ ಹಳೆಯ ಕ್ಷಯವಿದ್ದ 19 ರೋಗಿಗಳಿಗೆ, ಅದಾಗಲೇ ಸೋತಿದ್ದ ಮದ್ದುಗಳ ಜೊತೆಗೆ ಅಂದು ಹೊಸದಾಗಿದ್ದ ಒಫ್ಲಾಕ್ಸಸಿನ್ ಕೊಟ್ಟರು. ಕಫದಲ್ಲಿ ಬ್ಯಾಕ್ಟೀರಿಯ ಕಡಿಮೆಯಾಯಿತು. ಆದರೆ ಪೂರ್ತಿ ಮಾಯವಾದದ್ದು ಕೆಲವರಲ್ಲಿ ಮಾತ್ರ. ಸೋತ ಮದ್ದುಗಳ ಜೊತೆ ಒಂದು ಹೊಸ ಮದ್ದು ಎಂದರೆ ಲೆಕ್ಕದಲ್ಲಿ ಒಂಟಿ ಮದ್ದೇ.

ಈಗ ನಮ್ಮ ಅಂಗಡಿಗೆ ಮರಳೋಣ. ಭೇದಿಗೆ ಮೂರು ದಿನ ನುಂಗಿದ ಮಾತ್ರೆಯಿಂದಲೇ ಕ್ಷಯ ಬಗ್ಗದಂತಾಗುತ್ತದೆ ಎಂದು ಹೆದರಿಸುವ ಲೇಖನಗಳು ಬರುತ್ತವೆ. ಅದು ಅತಿಶಯೋಕ್ತಿ. ಕ್ಷಯದ ಬ್ಯಾಕ್ಟೀರಿಯ ಒಂದು ಎರಡಾಗಲು ಇಪ್ಪತ್ತು ಗಂಟೆಯಷ್ಟು ಬೇಕು. ರೋಗವಿಲ್ಲದೆ ಸುಪ್ತವಾಗಿರುವಾಗ ಅವುಗಳ ಸಂಖ್ಯೆಯೂ ಕಡಿಮೆ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಷಯ ಪತ್ತೆಯಾಗುವ ಮೊದಲು ಈ ವರ್ಗದ ಮದ್ದನ್ನು 10 ದಿನಕ್ಕಿಂತ ಹೆಚ್ಚು ಸೇವಿಸಿದ್ದವರಲ್ಲೇ ನಿರೋಧಕತೆಯ ಸಂಭವ ಎದ್ದುಕಂಡಿತು. ಹಾಗಾಗಿ ನಿಜವಾದ ಅಪಾಯ ಭೇದಿಯವನಿಗಲ್ಲ, ಕೆಮ್ಮಿನವನಿಗೆ. ಮುಂಬಯಿಯ ಹೋಟೆಲಿನಲ್ಲಿ ದುಡಿದು ಊರಿಗೆ ಬಂದ ಹುಡುಗನಿಗೆ ಮೂರು ವಾರದಿಂದ ಕೆಮ್ಮು, ಸಂಜೆ ಜ್ವರ ಎನ್ನೋಣ. ಎದೆಯ ಸೋಂಕು ಎಂದು ಐದು ದಿನ ಲೀವೊಫ್ಲಾಕ್ಸಸಿನ್. ಸ್ವಲ್ಪ ಹಗುರ ಅನ್ನಿಸುತ್ತದೆ. ಮತ್ತೆ ಬಂದಾಗ ಮತ್ತೆ ಐದು ದಿನ, ಬೇರೆ ಕಂಪನಿಯದು. ಮದ್ದು ಕ್ಷಯದ ಮೇಲೂ ಕೆಲಸ ಮಾಡುವುದರಿಂದಲೇ ಈ ಹಗುರ. ಕಫದ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಒಂಟಿ ಮದ್ದಿನ ಕೈಯಲ್ಲಿ ಬ್ಯಾಕ್ಟೀರಿಯಗಳ ಆಯ್ಕೆ ನಡೆಯುತ್ತಿರುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾದದ್ದು. ದೇಶದಾದ್ಯಂತ 2014ರಿಂದ 2016ರವರೆಗೆ ನಡೆದ ಔಷಧ ನಿರೋಧಕತೆಯ ಮೊದಲ ಸಮೀಕ್ಷೆಯಲ್ಲಿ ಅದರ ಪಾಲು ದೊಡ್ಡದು. ಐಸೋನಿಯಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯ ಹೊಸ ರೋಗಿಗಳಲ್ಲಿ ಶೇ. 2.84, ಹಿಂದೆ ಚಿಕಿತ್ಸೆ ಪಡೆದವರಲ್ಲಿ ಶೇ. 11.60. ನಾನು ಎರಡು ಸಲ ಓದಿದ ಅಂಕಿ ಮಾತ್ರ ಇನ್ನೊಂದು: ಹೀಗೆ ಬಗ್ಗದ ರೋಗಿಗಳಲ್ಲಿ ಶೇ. 21.82ರಷ್ಟು ಮಂದಿಯ ಬ್ಯಾಕ್ಟೀರಿಯಗಳು ಒಫ್ಲಾಕ್ಸಸಿನ್ ವರ್ಗದ ಮದ್ದಿಗೂ ಬಗ್ಗುತ್ತಿರಲಿಲ್ಲ. ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಇದೆಲ್ಲವೂ ಅಂಗಡಿಯಿಂದಲೇ ಬಂತು ಎನ್ನಲಾಗದು. ಒಬ್ಬರಿಂದ ಒಬ್ಬರಿಗೆ ಹರಡಿದ್ದೂ, ಅರೆಬರೆ ಚಿಕಿತ್ಸೆಯಿಂದ ಹುಟ್ಟಿದ್ದೂ ಸೇರಿರುತ್ತದೆ.

ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರಿನಲ್ಲಿ ಹೊಸ ಆರು ತಿಂಗಳ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು: ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್. ಹಿಂದೆ ಹದಿನೆಂಟು, ಇಪ್ಪತ್ತು ತಿಂಗಳು ಹಿಡಿಯುತ್ತಿದ್ದ, ಚುಚ್ಚುಮದ್ದಿನಿಂದ ಕೆಲವರ ಕಿವಿಯನ್ನೇ ಕೆಡಿಸುತ್ತಿದ್ದ ಚಿಕಿತ್ಸೆಯ ಮುಂದೆ ಇದು ದೊಡ್ಡ ಮುನ್ನಡೆ. ಆದರೆ ಮೇಲಿನ ಐವರಲ್ಲಿ ಒಬ್ಬರಿಗೆ ನಾಲ್ಕನೆಯ ಮದ್ದಿನಿಂದ ಪ್ರಯೋಜನವಿಲ್ಲ. ಅವರಿಗೆ ಉಳಿಯುವುದು ಮೂರೇ. ಆ ಮೂರರಲ್ಲಿ ಒಂದಾದ ಲಿನೆಜೋಲಿಡ್ ಕೂಡ ಕ್ಷಯಕ್ಕಾಗಿ ಹುಟ್ಟಿದ್ದಲ್ಲ. ಬೇರೆ ಮದ್ದುಗಳಿಗೆ ಬಗ್ಗದ ಚರ್ಮ, ಶ್ವಾಸಕೋಶಗಳ ಸೋಂಕಿಗೆಂದು 2000ದಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಪ್ರತಿಜೈವಿಕ.

ಲಿನೆಜೋಲಿಡ್ ಬಗ್ಗೆ ಪತ್ರಿಕೆಗಳು ಬರೆಯುವ ರೀತಿಯಲ್ಲೂ ನನಗೆ ತಕರಾರಿದೆ. ದಕ್ಷಿಣ ಆಫ್ರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ 'ನಿಕ್ಸ್' ಪ್ರಯೋಗದಲ್ಲಿ 109 ರೋಗಿಗಳ ಪೈಕಿ 98 ಮಂದಿ, ಎಂದರೆ ಶೇ. 90, ಗುಣ ಕಂಡರು. ಈ ಅಂಕಿ ಎಲ್ಲ ಕಡೆ ಬಂತು. ಹೋಲಿಕೆಗೆ ಬೇರೊಂದು ಗುಂಪು ಇರಲಿಲ್ಲ ಎಂಬುದು ಬರಲಿಲ್ಲ. ಶೇ. 81 ಮಂದಿಗೆ ಕೈಕಾಲಿನ ನರಗಳ ತೊಂದರೆ, ಶೇ. 48 ಮಂದಿಗೆ ಮೂಳೆಮಜ್ಜೆಯ ಕುಗ್ಗುವಿಕೆ ಆಯಿತೆಂಬುದೂ ಬರಲಿಲ್ಲ. ಕಾರಣ ಸರಳ: ಲಿನೆಜೋಲಿಡ್ ಬ್ಯಾಕ್ಟೀರಿಯದ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನ್ ತಯಾರಿಯನ್ನು ತಡೆಯುತ್ತದೆ; ನಮ್ಮ ಮೈಟೊಕಾಂಡ್ರಿಯದ ರೈಬೋಸೋಮು ಅದನ್ನೇ ಹೋಲುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕ ಮಾಡಬೇಕು. 0.9 ಮತ್ತು 0.1ರ ಗುಣಲಬ್ಧವನ್ನು 109ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.029. ಅದರ ಎರಡರಷ್ಟು ಅತ್ತಿತ್ತ ಬಿಟ್ಟರೆ 90 ಎಂಬುದು 84ರಿಂದ 96ರವರೆಗೆ ಎಲ್ಲಿಯೂ ಇರಬಹುದು. ಮುಂದಿನ 'ಜೀನಿಕ್ಸ್' ಪ್ರಯೋಗದಲ್ಲಿ (2022) 181 ಮಂದಿಯನ್ನು ನಾಲ್ಕು ಗುಂಪು ಮಾಡಿದರು. ದಿನಕ್ಕೆ 1200 ಮಿಲಿಗ್ರಾಂ ಲಿನೆಜೋಲಿಡ್ 26 ವಾರ ತೆಗೆದುಕೊಂಡವರಲ್ಲಿ ಶೇ. 93, ಅದರ ಅರ್ಧ ಎಂದರೆ 600 ಮಿಲಿಗ್ರಾಂ ಅಷ್ಟೇ ವಾರ ತೆಗೆದುಕೊಂಡವರಲ್ಲಿ ಶೇ. 91 ಮಂದಿಗೆ ಗುಣ. ಒಂದೊಂದು ಗುಂಪಿನಲ್ಲಿ ಸುಮಾರು 45 ಜನ. ಇದೇ ಸೂತ್ರ ಹಾಕಿ ನೋಡಿ, 93 ಮತ್ತು 91ರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನರಗಳ ತೊಂದರೆ ಮಾತ್ರ ಶೇ. 38ರಿಂದ 24ಕ್ಕೆ ಇಳಿಯಿತು. ಆದ್ದರಿಂದಲೇ ಈಗಿನ ಚಿಕಿತ್ಸೆಯಲ್ಲಿ 600.

ಇನ್ನು ಕಾನೂನಿನ ಮಾತು. ಕೇಂದ್ರ ಸರಕಾರ 2013ರಲ್ಲಿ 'ಎಚ್-1' ಎಂಬ ಅನುಸೂಚಿ ತಂದು 46 ಮದ್ದುಗಳನ್ನು ಸೇರಿಸಿತು. ಅವನ್ನು ಮಾರುವವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆ ಪಟ್ಟಿಯಲ್ಲಿ ಲೀವೊಫ್ಲಾಕ್ಸಸಿನ್ ಇತ್ತು, ಮಾಕ್ಸಿಫ್ಲಾಕ್ಸಸಿನ್ ಇತ್ತು. ಒಫ್ಲಾಕ್ಸಸಿನ್ ಇರಲಿಲ್ಲ. ಲಿನೆಜೋಲಿಡ್ ಕೂಡ ಇರಲಿಲ್ಲ. ಎಡಮುರಿ ಅಣುವನ್ನು ಒಂಟಿಯಾಗಿ ಮಾರಿದರೆ ಪುಸ್ತಕದಲ್ಲಿ ಬರೆಯಬೇಕು, ಅದರ ಕನ್ನಡಿ ಬಿಂಬವನ್ನು ಜೊತೆಗಿಟ್ಟು ಮಾರಿದರೆ ಬರೆಯಬೇಕಿಲ್ಲ! ಪಟ್ಟಿ ಮಾಡಿದವರು ಪೋಲಾರಿಮೀಟರಿನ ಪ್ರಯೋಗ ಮಾಡಿರಲಿಲ್ಲವೇನೋ. ವೈದ್ಯರ ಚೀಟಿಯಿಲ್ಲದೆ ಒಫ್ಲಾಕ್ಸಸಿನ್ ಮಾರಬಾರದು ಎಂಬ ಹಳೆಯ ನಿಯಮವಂತೂ ಇತ್ತು. ಅದು ನಡೆಯುವ ರೀತಿಯನ್ನು ಮೇಲೆ ಹೇಳಿದ್ದೇನೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಅಧ್ಯಾಪಕರು ಒಂದು ಕೆಲಸವನ್ನು ತರಗತಿಯಲ್ಲಿ ಮಾಡಿಸಬಹುದು. ಪ್ರತಿ ವಿದ್ಯಾರ್ಥಿಯೂ ಮನೆಯಲ್ಲಿ ಕಳೆದ ಒಂದು ವರ್ಷದ ಖಾಲಿ ಮತ್ತು ಅರ್ಧ ಉಳಿದ ಮಾತ್ರೆ ಹಾಳೆಗಳನ್ನು ಹುಡುಕಿ, 'ಫ್ಲಾಕ್ಸಸಿನ್' ಎಂದು ಕೊನೆಯಾಗುವ ಹೆಸರುಗಳನ್ನು ಬರೆದುಕೊಳ್ಳಲಿ. ಎಷ್ಟು ಮಾತ್ರೆ, ಯಾವ ಕಾಯಿಲೆಗೆ, ಚೀಟಿ ಇತ್ತೇ ಇಲ್ಲವೇ ಎಂಬ ಮೂರು ಕಲಮುಗಳು ಸಾಕು. ಮನೆಯವರ ಹೆಸರು ಬೇಡ. ನಮ್ಮ ಮನೆಯ ಹಾಳೆಯಲ್ಲಿ ಆರರಲ್ಲಿ ನಾಲ್ಕು ಮಾತ್ರೆ ಇನ್ನೂ ಇವೆ. ಮೊದಲ ಸಾಲಿಗೆ ಅದನ್ನೇ ಬರೆದುಕೊಳ್ಳಬಹುದು.