ದಿನಚರಿಗೆ ಸಿಕ್ಕದ ಹೊಟ್ಟೆನೋವು

ಯಾವ ಆಹಾರ ಪ್ರಾಣಕ್ಕೆ ಎರವಾಗಬಹುದೋ ಅದನ್ನೇ ಕಣಕಣವಾಗಿ ಉಣಿಸಿ ಮಗುವಿನ ದೇಹವನ್ನು ಒಗ್ಗಿಸುವ ಚಿಕಿತ್ಸೆ ತೀರ ಈಚಿನದಲ್ಲ. ಮೊಟ್ಟೆಯನ್ನು ಸಹಿಸಲಾರದ ಹದಿಮೂರರ ಹುಡುಗನೊಬ್ಬನಿಗೆ ಮೊಟ್ಟೆಯ ಅತ್ಯಲ್ಪಾಂಶವನ್ನು ಗುಳಿಗೆಗಳಲ್ಲಿ ಕೊಟ್ಟು ಗುಣಪಡಿಸಿದ ವೃತ್ತಾಂತವನ್ನು ಆಲ್ಫ್ರೆಡ್ ಸ್ಕೋಫೀಲ್ಡ್ ಎಂಬ ಇಂಗ್ಲಿಷ್ ವೈದ್ಯರು 1908ರಲ್ಲಿಯೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆ ಮಾರ್ಗವೇ ಪಾಲ್ಫೋರ್ಝಿಯಾ ಎಂಬ ಕಡಲೆಕಾಯಿ ಪುಡಿಯ ರೂಪದಲ್ಲಿ 2020ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಮ್ಮತಿಯನ್ನು ಪಡೆಯಿತು. ಚಿಕಿತ್ಸೆ ಫಲಿಸುವುದೆಂಬುದರಲ್ಲಿ ನನಗೆ ಸಂದೇಹವಿಲ್ಲ; ಅದರ ಅಡ್ಡಪರಿಣಾಮಗಳನ್ನು ಎಣಿಸುವ ಪದ್ಧತಿಯಲ್ಲಿ ಮಾತ್ರ ಸಂದೇಹವುಂಟು.

ಈ ಪುಡಿಯನ್ನೇ ಪರೀಕ್ಷಿಸಿ 2018ರಲ್ಲಿ ಹೊರಬಂದ ಪ್ಯಾಲಿಸೇಡ್ ಪ್ರಯೋಗವನ್ನು ನೋಡಬಹುದು. 4ರಿಂದ 17 ವರ್ಷದ ಮಕ್ಕಳಲ್ಲಿ, ಚಿಕಿತ್ಸೆ ಪಡೆದವರ ಪೈಕಿ ನೂರಕ್ಕೆ 67 ಮಂದಿ 600 ಮಿಲಿಗ್ರಾಂ ಕಡಲೆಕಾಯಿ ಪ್ರೋಟೀನನ್ನು, ಎಂದರೆ ಸುಮಾರು ಎರಡು ಬೀಜಗಳಷ್ಟನ್ನು, ಸಹಿಸಿದರು. ಹುಸಿಮದ್ದು ಪಡೆದವರಲ್ಲಿ ಸಹಿಸಿದವರು ನೂರಕ್ಕೆ ನಾಲ್ವರೇ. ಇದು ಮೊದಲ ಪುಟದ ಸಂಖ್ಯೆ. ಒಳಗಿನ ಪಟ್ಟಿಗಿಳಿದರೆ, ಏನಾದರೊಂದು ಅನಿಷ್ಟ ಪರಿಣಾಮ ಕಂಡವರು ಎರಡು ಗುಂಪಿನಲ್ಲಿಯೂ ನೂರಕ್ಕೆ 95ಕ್ಕೂ ಮೇಲು! ಹುಸಿಮದ್ದಿನ ಮಗುವಿನ ನೆಗಡಿಯನ್ನೂ ಕಡಲೆಕಾಯಿ ತಿಂದ ಮಗುವಿನ ವಾಂತಿಯನ್ನೂ ಒಂದೇ ಬಲೆಯಲ್ಲಿ ಹಿಡಿಯುವ ಈ ಎಣಿಕೆಯಿಂದ ತಾಯ್ತಂದೆಯರಿಗೆ ತಿಳಿಯುವುದೇನೂ ಇಲ್ಲ. ಅದಕ್ಕಿಂತ ಸತ್ಯವಾದ ಮಾತನ್ನು ನುಡಿಯುವುದು ನಡುವೆಯೇ ಬಿಟ್ಟುಹೋದವರ ಲೆಕ್ಕ: ಅನಿಷ್ಟ ಪರಿಣಾಮದ ದೆಸೆಯಿಂದ ಹಿಂದೆಗೆದವರು ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 11.6, ಹುಸಿಮದ್ದು ಪಡೆದವರಲ್ಲಿ 2.4, ಅವರಲ್ಲಿ ಬಹುಮಂದಿಯನ್ನು ಹಿಮ್ಮೆಟ್ಟಿಸಿದ್ದು ಹೊಟ್ಟೆಯ ಬಾಧೆ. ವೈದ್ಯರು ‘ಸೌಮ್ಯ’ವೆಂದು ಗುರುತುಹಾಕಿದ ನೋವು ದಿನದಿನವೂ ಬಂದರೆ ಮಗುವಿಗೆ ಅದು ಸೌಮ್ಯವಾಗಿ ಉಳಿಯುವುದೆ?

ಇನ್ನು ಚಿಕಿತ್ಸೆಯ ಪರಿಣಾಮಗಳನ್ನು ಗುರುತುಹಾಕಲು ಮನೆಯಲ್ಲಿ ತಾಯಿ ಬರೆಯುವ ದಿನಚರಿ; ಅದರ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ನಿನ್ನೆ ಸಹಿಸಿದ ಪ್ರಮಾಣವನ್ನೇ ಜ್ವರವಿದ್ದಾಗ, ಖಾಲಿ ಹೊಟ್ಟೆಯಲ್ಲಿ, ಓಡಿಯಾಡಿದ ಬೆನ್ನಿಗೆ ಅಥವಾ ಬಿಸಿನೀರಿನ ಸ್ನಾನದ ಹಿಂದೆಯೇ ಕೊಟ್ಟರೆ ದೇಹ ಮುನಿಯಬಹುದೆಂಬುದು ಇಂಥ ಬರಹಗಳಲ್ಲಿ ಬಲು ಚೆನ್ನಾಗಿ ಎದ್ದುತೋರುತ್ತದೆ. ಆದರೆ ಅದರ ಅಂಕಣಗಳೆಲ್ಲ ಪುಡಿ ತಿಂದ ಒಂದೆರಡು ಗಂಟೆಗಳ ಕಾಲಕ್ಕೆ ಕಟ್ಟಿಹಾಕಲ್ಪಟ್ಟವು: ತುಟಿ ಊದಿತೆ, ಮೈಯಲ್ಲಿ ಗಂದೆ ಎದ್ದಿತೆ, ಎಪಿನೆಫ್ರಿನ್ ಚುಚ್ಚಬೇಕಾಯಿತೆ? ಅನ್ನನಾಳದ ಒಳಪೊರೆಯಲ್ಲಿ ಇಸಿನೊಫಿಲ್ ಕಣಗಳು ಸೇರಿ ಉರಿಯೂತವನ್ನುಂಟುಮಾಡುವ ವ್ಯಾಧಿಯೊಂದು ಈ ಚಿಕಿತ್ಸೆಯ ಬೆನ್ನುಹತ್ತಿ ಬರುವುದುಂಟು. 2014ರ ಸಮೀಕ್ಷೆಯೊಂದು ಅದನ್ನು ನೂರಕ್ಕೆ 2.7 ಎಂದು ಅಂದಾಜಿಸಿತು. ಎಂಡೋಸ್ಕೋಪಿಯಲ್ಲಿ ತೆಗೆದ ತುಣುಕನ್ನು ಪರೀಕ್ಷಿಸದೆ ಅದು ನಿಶ್ಚಯವಾಗದು; ಎಂಡೋಸ್ಕೋಪಿಯಾದರೋ ದೂರಿಕೊಂಡವರಿಗೆ ಮಾತ್ರ. ಆದಕಾರಣ ಆ ಸಂಖ್ಯೆಯೂ ಕಡಮೆಯೇ ಇದ್ದೀತು. ಅದು ಬರುವ ಬಗೆಯಾದರೂ ಎಂಥದು! ಗಂದೆಯಿಲ್ಲ, ಉಬ್ಬಸವಿಲ್ಲ, ಮಗು ಮಾಂಸದ ತುಂಡನ್ನು ಬಹಳ ಹೊತ್ತು ಅಗಿಯುತ್ತದೆ, ತುತ್ತುತುತ್ತಿಗೂ ನೀರು ಕುಡಿಯುತ್ತದೆ, ಒಣರೊಟ್ಟಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತದೆ. ತಾಯಿ ಅದನ್ನು ಹಟವೆಂದು ತಿಳಿದಾಳು. ದಿನಚರಿಯಲ್ಲಿ ಹಟಕ್ಕೆ ಅಂಕಣವಿಲ್ಲ. ಇನ್ನೂ ಒಂದು ತೊಡಕುಂಟು: ಹೊಟ್ಟೆನೋವೆಂದರೆ ಪ್ರಮಾಣ ಇಳಿದು ತಿಂಗಳುಗಳ ಶ್ರಮ ಹಿಂದಕ್ಕೆ ಹೋಗುವುದೆಂದು ಅರಿತ ಜಾಣ ಮಗು, ನೋವನ್ನು ನುಂಗಿಕೊಳ್ಳುವುದನ್ನೂ ಕಲಿಯಬಲ್ಲುದು.

2019ರಲ್ಲಿ ಡೆರೆಕ್ ಚು ಮತ್ತು ಸಂಗಡಿಗರು 12 ಪ್ರಯೋಗಗಳನ್ನು, ಒಟ್ಟು 1041 ಮಂದಿಯ ವಿವರಗಳನ್ನು, ಒಂದುಗೂಡಿಸಿದಾಗ, ಅನಾಫಿಲಾಕ್ಸಿಸ್ ಎಂಬ ಪ್ರಾಣಾಪಾಯದ ಅಲರ್ಜಿ ಪ್ರತಿಕ್ರಿಯೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 22, ಪಡೆಯದವರಲ್ಲಿ 7 ಎಂದು ಕಂಡುಬಂತು. ಜೀವನದ ನೆಮ್ಮದಿಯಲ್ಲಿ ಹೇಳಿಕೊಳ್ಳುವಂಥ ಅಂತರ ತೋರಲಿಲ್ಲ. ಆಸ್ಪತ್ರೆಯ ಪರೀಕ್ಷೆಯಲ್ಲಿ ಗೆದ್ದವರು ಮನೆಯಲ್ಲಿ ಹೆಚ್ಚು ತೊಳಲಿದರೆಂದಾದರೆ, ಅಡ್ಡಪರಿಣಾಮದ ಪಟ್ಟಿ ಕೊನೆಯ ಪುಟದ ಅನುಬಂಧವಾಗಿರುವುದು ಸಲ್ಲದು; ಸಹಿಸಿದ ಬೀಜಗಳ ಸಂಖ್ಯೆಯೊಡನೆ ಸರಿಸಮನಾಗಿ ಅದನ್ನು ಮೊದಲ ಪುಟದಲ್ಲಿ ಅಚ್ಚುಹಾಕಬೇಕು. ದಿನಚರಿಯಲ್ಲಿಯೂ ಗಂದೆ ಉಬ್ಬಸಗಳ ಕೆಳಗೆ, ತಿಂಗಳಿಗೊಮ್ಮೆ ತುಂಬುವಂತೆ, ಊಟಕ್ಕೆ ಕುಳಿತವರಲ್ಲಿ ಕಡೆಗೆ ಏಳುವುದು ಈ ಮಗುವೇ ಎಂಬ ಪ್ರಶ್ನೆಯೊಂದಿರಲಿ. ಉತ್ತರವನ್ನು ತಾಯಿಯೊಬ್ಬಳೇ ಬರೆಯದೆ, ಮಗುವನ್ನು ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳಲಿ.