ಟ್ರ್ಯಾಕ್ ಏಳು, ಅಜ್ಞಾತ ಕಲಾವಿದ

ಹೊಸ ತರಗುಪೇಟೆಯ ನಮ್ಮ ಮಂಡಿಯಲ್ಲಿ ಲಾರಿ ಖಾಲಿ ಮಾಡುವ ಹೊತ್ತಿಗೆ ಹಾಡು ಬೇಕೇ ಬೇಕು. ಮೊದಲು ರೇಡಿಯೋ ಇತ್ತು, ಆಮೇಲೆ ಟೇಪು ಬಂತು, ಈಗ ಗಲ್ಲಾಪೆಟ್ಟಿಗೆ ಪಕ್ಕದ ಸ್ಪೀಕರಿಗೆ ಚುಚ್ಚಿದ ಪೆನ್‌ಡ್ರೈವು. ಒಂದು ಬೆಳಗ್ಗೆ ಅದರ ಪುಟ್ಟ ಪರದೆಯ ಮೇಲೆ ಓಡುತ್ತಿತ್ತು: 'ಟ್ರ್ಯಾಕ್ 07, ಅಜ್ಞಾತ ಕಲಾವಿದ'. "ಬಂಗಾರದ ಮನುಷ್ಯದ್ದು ಸಾರ್, ಪಿ.ಬಿ. ಶ್ರೀನಿವಾಸ್" ಅಂದ ಹಮಾಲಿ, ಬೆನ್ನ ಮೇಲಿನ ತೊಗರಿ ಮೂಟೆ ಇಳಿಸುವ ಮೊದಲೇ.

ನಮ್ಮ ಪೇಟೆಯಲ್ಲಿ ಅಜ್ಞಾತ ಮೂಟೆಗೆ ಜಾಗವಿಲ್ಲ. ಯಾವ ಊರಿನ ಮಾಲು, ಯಾವ ಮಿಲ್ಲು, ಎಷ್ಟು ಕಿಲೋ, ಯಾರ ಲೆಕ್ಕಕ್ಕೆ ಎಂಬ ಮಾರ್ಕು ಗೋಣಿಯ ಮೇಲೆ ಇರದಿದ್ದರೆ ಗುಮಾಸ್ತ ಪುಸ್ತಕಕ್ಕೆ ಏರಿಸುವುದಿಲ್ಲ. ಇಷ್ಟು ಕಟ್ಟುನಿಟ್ಟಿನ ನಾವೇ ಮನೆಯಲ್ಲಿ ಸಾವಿರಾರು ಹಾಡನ್ನು ಮಾರ್ಕಿಲ್ಲದೆ ರಾಶಿ ಸುರಿದಿಟ್ಟುಕೊಂಡಿರುತ್ತೇವೆ. ಕಳೆದ ಮಳೆಗಾಲ ಪೂರ್ತಿ ನನ್ನ ರಾಶಿಯನ್ನು ತೂರಿ, ಕೇರಿ, ಟ್ಯಾಗು ಹಾಕಲು ಕೂತೆ. ಕೂತ ಮೇಲೆ ತಿಳಿದದ್ದು, ನಾವು ಬಳಸುವ ಚೀಟಿಯೇ ಬೇರೆಯವರ ಅಳತೆಗೆ ಹೊಲಿದದ್ದು ಎಂದು.

ಎಂಪಿ3 ಕಡತದ ಬಾಲಕ್ಕೆ 128 ಬೈಟಿನ ಈ ಚೀಟಿ ಅಂಟಿಸಿದವನು ಎರಿಕ್ ಕೆಂಪ್, 1996ರಲ್ಲಿ. ಹಾಡಿನ ಹೆಸರಿಗೆ 30 ಬೈಟು, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4. ಇಂದಿನ ಯೂನಿಕೋಡ್ ರೂಢಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟು ನುಂಗುತ್ತದೆ, ಕೊಂಬು ದೀರ್ಘಗಳೂ ಸೇರಿ. 'ಬಂಗಾರದ ಮನುಷ್ಯ' ಎಂದು ಬರೆಯಲು 37 ಬೇಕು. 30ರೊಳಗೆ ತುರುಕಿದರೆ 'ಬಂಗಾರದ ಮನು' ಎಂಬಲ್ಲಿಗೆ ಚೀಟಿ ಮುಗಿಯುತ್ತದೆ.

ಕೊನೆಯ ಒಂದು ಬೈಟು ಸಂಗೀತದ ಜಾತಿಗೆ. ಮೊದಲ ಪಟ್ಟಿಯಲ್ಲಿ 80 ಜಾತಿಗಳಿದ್ದವು. ಪೋಲ್ಕಾ ಇತ್ತು, ಆಸಿಡ್ ಪಂಕ್ ಕೂಡ ಇತ್ತು, ಭಾವಗೀತೆ ಇರಲಿಲ್ಲ. ಸೊನ್ನೆ ನಂಬರು ಬ್ಲೂಸ್‌ಗೆ ಹೋಗಿತ್ತು. ಹಾಗಾಗಿ ಯಾರೂ ಏನೂ ತುಂಬದೆ ಸೊನ್ನೆ ಉಳಿದ ಕಡತವೆಲ್ಲ ತಾನಾಗಿ ಬ್ಲೂಸ್. ನನ್ನ ರಾಶಿಯಲ್ಲಿ ಭೀಮಸೇನ ಜೋಶಿಯವರ ದಾಸರ ಪದಗಳು ಸಿಕ್ಕಿದ್ದು ಈ ಹೆಸರಿನಡಿ. ನಕ್ಕು ಸುಮ್ಮನಾದೆ.

ಆದರೆ ಎಲ್ಲಾ ತಪ್ಪನ್ನೂ ಕೆಂಪನ ತಲೆಗೆ ಕಟ್ಟಲಾಗದು. 1998ರ ಎರಡನೇ ಆವೃತ್ತಿಯಲ್ಲಿ ಚೀಟಿ ಉದ್ದವಾಯಿತು, ಯೂನಿಕೋಡ್ ಬಂತು, ಸಂಗೀತ ಸಂಯೋಜಕರಿಗೊಂದು ಖಾನೆ, ಸಾಹಿತ್ಯ ಬರೆದವರಿಗೆ ಇನ್ನೊಂದು ಖಾನೆ ಬಂತು. ಕಾಲು ಶತಮಾನ ಕಳೆದರೂ ಸಾಹಿತ್ಯದ ಖಾನೆ ಬಣಬಣ ಎನ್ನುತ್ತಿದೆ. ನಾನು ತೆರೆದ ಕಡತಗಳಲ್ಲಿ ಅದು ತುಂಬಿದ್ದ ಒಂದೂ ಸಿಗಲಿಲ್ಲ. ಕಲಾವಿದರ ಜಾಗದಲ್ಲಿ ಹಾಡನ್ನು ಕದ್ದು ಹಂಚಿದ ಜಾಲತಾಣದ ವಿಳಾಸ ಇದ್ದವು ಮಾತ್ರ ಬೇಕಾದಷ್ಟಿದ್ದವು.

ನನ್ನ ತಕರಾರು ಮುಖ್ಯವಾಗಿ 'ಕಲಾವಿದ' ಎಂಬ ಆ ಒಂಟಿ ಖಾನೆಯ ಮೇಲೆ. ತಾನೇ ಬರೆದು ತಾನೇ ಹಾಡುವ ಪಾಶ್ಚಾತ್ಯ ಗಾಯಕನಿಗೆ ಅದು ಸಾಕು. ನಮ್ಮ ಸಿನಿಮಾ ಹಾಡನ್ನು ನಾಲ್ಕು ಜನ ಹೊರುತ್ತಾರೆ. 1972ರ ಸಿದ್ದಲಿಂಗಯ್ಯನವರ ಚಿತ್ರ 'ಬಂಗಾರದ ಮನುಷ್ಯ'ವನ್ನೇ ನೋಡಿ. ತೆರೆಯ ಮೇಲೆ ರಾಜ್‌ಕುಮಾರ್, ಅವರ ದನಿಯಾಗಿ ಪಿ.ಬಿ. ಶ್ರೀನಿವಾಸ್, ಸಂಗೀತ ಜಿ.ಕೆ. ವೆಂಕಟೇಶ್, ಸಾಹಿತ್ಯವನ್ನು ಹುಣಸೂರು ಕೃಷ್ಣಮೂರ್ತಿ, ಚಿ. ಉದಯಶಂಕರ್, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್ ಹಂಚಿಕೊಂಡಿದ್ದಾರೆ. ಪೆನ್‌ಡ್ರೈವಿಗೆ ತುಂಬಿಕೊಟ್ಟ ಮಹಾಶಯ ಇಡೀ ಆಲ್ಬಮ್ಮಿಗೆ 'ಡಾ. ರಾಜ್' ಎಂದು ಒಂದೇ ಏಟಿಗೆ ಹೊಡೆದು ಮುಗಿಸಿರುತ್ತಾನೆ. ಅಣ್ಣಾವ್ರು ತಮ್ಮ ಪಾತ್ರಗಳಿಗೆ ಖಾಯಂ ಆಗಿ ತಾವೇ ಹಾಡತೊಡಗಿದ್ದು 1974ರ 'ಸಂಪತ್ತಿಗೆ ಸವಾಲ್' ಆದಮೇಲೆ. ಅದಕ್ಕೂ ಹಿಂದಿನ ಹಾಡುಗಳಿಗೆ ಅವರ ಹೆಸರು ಹಾಕಿದರೆ ಅಭಿಮಾನ ತೋರಿದಂತಾಗುವುದಿಲ್ಲ, ಶ್ರೀನಿವಾಸರ ಖಾತೆಯ ಜಮೆಯನ್ನು ಇನ್ನೊಬ್ಬರ ಖಾತೆಗೆ ಬರೆದಂತಾಗುತ್ತದೆ. ಮಂಡಿಯಲ್ಲಿ ಹೀಗೆ ಮಾಡಿದ ಗುಮಾಸ್ತ ಸಂಜೆಯೊಳಗೆ ಮನೆಗೆ.

ಆಕಾಶವಾಣಿಯವರು ಈ ತಪ್ಪು ಮಾಡುತ್ತಿರಲಿಲ್ಲ. ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಎಂದು ನಾಲ್ಕನ್ನೂ ಒಂದೇ ಉಸಿರಿಗೆ ಹೇಳಿ ಮುಳ್ಳು ಇಡುತ್ತಿದ್ದರು. ನಮ್ಮ ಹಮಾಲಿಗೆ ಹೆಸರು ಬಾಯಿಗೆ ಬಂದದ್ದು ಆ ಶಾಲೆಯಿಂದ. ಕನ್ನಡ ಹಾಡಿಗೆ ಅದಕ್ಕಿಂತ ಒಳ್ಳೆಯ ಟ್ಯಾಗನ್ನು ನಾನಿನ್ನೂ ಕಂಡಿಲ್ಲ.

ಭಾವಗೀತೆಯ ಪಾಡು ಇನ್ನೂ ಕಷ್ಟ. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ಟು ಬಂದಾಗ ಜನ ಅದನ್ನು ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ ಎಂದು ಎರಡು ಹೆಸರಿಂದ ಕೊಂಡರು. ನನ್ನ ಕಡತದಲ್ಲಿ ಕವಿ ಮಾಯ. ಕವಿಯ ಹೆಸರೇ ಬಿದ್ದುಹೋದ ಭಾವಗೀತೆ ಏನಾದರೂ ಆಗಬಹುದು, ಭಾವಗೀತೆ ಅಂತೂ ಅಲ್ಲ.

ಹೆಸರು ಬರೆಯಲು ಹೊರಟರೂ ಸಲೀಸಿಲ್ಲ. ತಂತ್ರಾಂಶ ಮನೆತನದ ಹೆಸರು ಮುಂದಿಡು ಎನ್ನುತ್ತದೆ. ನಮ್ಮಲ್ಲಿ ಹಲವರಿಗೆ ಇರುವುದು ಊರಿನ ಇನಿಷಿಯಲ್ಲು. 'ಚಿ.' ಎಂದು ಅಕಾರಾದಿ ಜೋಡಿಸಿದರೆ ಚಿಟ್ಟನಹಳ್ಳಿಯ ತಂದೆ ಸದಾಶಿವಯ್ಯ, ಮಗ ಉದಯಶಂಕರ್ ಒಂದೇ ಜಗಲಿಯಲ್ಲಿ ಕೂರುತ್ತಾರೆ. ನನಗಂತೂ ಈ ವ್ಯವಸ್ಥೆ ಇಷ್ಟವಾಯಿತು, ಹಾಗೇ ಬಿಟ್ಟೆ. ಇನ್ನೊಂದು ತಾಪತ್ರಯ ಕಣ್ಣಿಗೇ ಬೀಳದ್ದು. 'ಶ್ರೀನಿವಾಸ್' ಎಂದು ಬೆರಳಚ್ಚು ಮಾಡುವಾಗ ಕೊನೆಯ ಅರ್ಧಾಕ್ಷರ ಮುಂದಿನದಕ್ಕೆ ಒತ್ತಾಗದಿರಲೆಂದು ಕೆಲವು ಕೀಲಿಮಣೆಗಳು ಕಾಣದ ಸಂಕೇತವೊಂದನ್ನು ಸೇರಿಸುತ್ತವೆ. ನೋಡಲು ಎರಡೂ ಒಂದೇ. ಯಂತ್ರದ ಲೆಕ್ಕದಲ್ಲಿ ಇಬ್ಬರು ಶ್ರೀನಿವಾಸರು, ಎರಡು ಕಪಾಟು. ಎರಡು ಸಂಜೆ ತಲೆ ಚಚ್ಚಿಕೊಂಡ ಮೇಲೆ ಒಂದು ಸರಿಯಾದ ರೂಪವನ್ನು ಪಕ್ಕದಲ್ಲಿಟ್ಟುಕೊಂಡು, ಎಲ್ಲ ಕಡೆಗೂ ಅದನ್ನೇ ನಕಲು ಮಾಡಿದೆ.

ನೆರವಿಗೆ ಮ್ಯೂಸಿಕ್‌ಬ್ರೈನ್ಜ್ ಎಂಬ ಸಾರ್ವಜನಿಕ ಕೋಶವಿದೆ, ಅದರ ಪಿಕಾರ್ಡ್ ತಂತ್ರಾಂಶ ಪುಕ್ಕಟೆ. ಅದು ಕೃತಿ ಬೇರೆ, ಧ್ವನಿಮುದ್ರಣ ಬೇರೆ ಎಂದು ಒಪ್ಪುತ್ತದೆ, ದೊಡ್ಡ ಮಾತು. ಬಾರ್ಸಿಲೋನಾದ ಕಾಂಪ್‌ಮ್ಯೂಸಿಕ್ ಸಂಶೋಧಕರು ಕರ್ನಾಟಕ ಸಂಗೀತದ ವಿವರ ಕಲೆಹಾಕಿದ್ದೂ ಅಲ್ಲೇ. ಕೃತಿಯ ಪುಟದಲ್ಲಿ ರಾಗ, ತಾಳ ಬರೆಯಲು ಜಾಗವಿದೆ. ತ್ಯಾಗರಾಜರಿಗೆ ಅದು ಸರಿ. ನಮ್ಮ ಪುರಂದರದಾಸರ ಪದವನ್ನು ಒಬ್ಬರು ಒಂದು ರಾಗದಲ್ಲಿ ಹಾಡಿದರೆ ಇನ್ನೊಬ್ಬರು ಮತ್ತೊಂದರಲ್ಲಿ ಹಾಡುತ್ತಾರೆ. ಅಲ್ಲಿ ರಾಗ ಸೇರಬೇಕಾದದ್ದು ಆಯಾ ಗಾಯನಕ್ಕೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವದಲ್ಲಿ ನಾಲ್ಕು ಸಂಜೆ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ದಾಸರೇನೋ ಜಾಣರು, ತಮ್ಮ ಅಂಕಿತವನ್ನು ಕೊನೆಯ ಸಾಲಿನೊಳಗೇ ಹೆಣೆದರು. ಯಾವ ಪೆನ್‌ಡ್ರೈವೂ ಅದನ್ನು ಅಳಿಸಿಲ್ಲ. ಉದಯಶಂಕರ್ ಅವರಿಗೆ ಆ ಅನುಕೂಲ ಇರಲಿಲ್ಲ.

ನಾನು ಈಗ ಮೊದಲು ತುಂಬುವುದು ಸಾಹಿತ್ಯದ ಖಾನೆ. ಆಮೇಲೆ ಸಂಗೀತ, ಗಾಯಕರು. ಆಲ್ಬಮ್ ಜಾಗಕ್ಕೆ 'ಸೂಪರ್ ಹಿಟ್ಸ್' ಕಿತ್ತು ಚಿತ್ರದ ಹೆಸರು. ಮುನ್ನೂರು ಹಾಡು ಮುಗಿದಿವೆ. ಅಷ್ಟಕ್ಕೂ ಆಧಾರ ಸಿಕ್ಕಿದ್ದು ಅಂತರ್ಜಾಲಕ್ಕಿಂತ ಹೆಚ್ಚಾಗಿ ಹಳೆಯ ಕ್ಯಾಸೆಟ್ ಡಬ್ಬಿಗಳ ಒಳಕಾಗದದಲ್ಲಿ. ಟೇಪು ಸುಕ್ಕಾಗಿದ್ದರೆ ಬಿಸಾಕಿ, ಪರವಾಗಿಲ್ಲ. ಆ ಕಾಗದವನ್ನು ಮಾತ್ರ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡು ಆಮೇಲೆ ರದ್ದಿಗೆ ಹಾಕಿ.