'ಲೇಔಟ್' ಎಂಬ ಮಾತು ಮತ್ತು ಬೇಗೂರು

ಬೇಗೂರಿನ ರಸ್ತೆಗಳಲ್ಲಿ ಫಲಕಗಳನ್ನು ಓದುತ್ತ ಹೋದರೆ 'ಲೇಔಟ್' ಎಂಬ ಇಂಗ್ಲಿಷ್ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ವಿಳಾಸ ಬರೆಯುವಾಗ, ಆಟೊ ಹತ್ತುವಾಗ, ಬಾಡಿಗೆ ಮನೆ ಹುಡುಕುವಾಗ ನಾವದನ್ನು ಕನ್ನಡದ ಮಾತೆಂದೇ ಬಳಸುತ್ತೇವೆ; ವಿಭಕ್ತಿ ಹಚ್ಚಿ 'ಲೇಔಟಿನಲ್ಲಿ' ಎನ್ನುತ್ತೇವೆ. ಆದರೆ ಲಂಡನ್ನಿನಲ್ಲಿ ಯಾರನ್ನಾದರೂ 'ನೀವು ಯಾವ ಲೇಔಟಿನವರು?' ಎಂದು ಕೇಳಿದರೆ ಅವರು ಕಕ್ಕಾಬಿಕ್ಕಿಯಾದಾರು.

ಇಂಗ್ಲಿಷಿನಲ್ಲಿ 'ಲೇ' ಎಂದರೆ ಇಡು, ಮಲಗಿಸು. 'ಔಟ್' ಎಂದರೆ ಹೊರಗೆ. ಎರಡೂ ಸೇರಿದ ಕ್ರಿಯಾಪದಕ್ಕೆ ಹಲವು ಅರ್ಥಗಳಿವೆ. ಬಟ್ಟೆಬರೆ ಹರಡಿಡುವುದು, ಹಣ ವೆಚ್ಚ ಮಾಡುವುದು, ಒಬ್ಬನನ್ನು ಹೊಡೆದು ಕೆಡವುವುದು, ಮಣ್ಣು ಮಾಡುವ ಮುನ್ನ ಹೆಣವನ್ನು ಮಲಗಿಸಿ ಅಣಿಗೊಳಿಸುವುದು. ನಾಮಪದ ಈಚಿನದು: ನಕ್ಷೆಯಲ್ಲೋ ಪುಟದಲ್ಲೋ ಯಾವುದು ಎಲ್ಲಿರಬೇಕೆಂಬ ಏರ್ಪಾಡು. (ಈ ಪತ್ರಿಕೆಯ ಪುಟಗಳಿಗೂ ಒಂದು ಲೇಔಟ್ ಇದೆ.) ಹೀಗೆ ಮೇಜಿನ ಮೇಲೆ ಹರಡಿದ ಕಾಗದದ ಮಾತೊಂದು ನಮ್ಮಲ್ಲಿ ಜನ ಬಾಳುವ ಜಾಗದ ಹೆಸರಾಗಿದೆ.

ಬೆಂಗಳೂರು ಬೆಳೆದಾಗಲೆಲ್ಲ ಹೊಸ ಜಾಗಕ್ಕೊಂದು ಹೊಸ ಪದ ಬಂದಿದೆ. ಮೊದಲು ಪೇಟೆ. 1898ರ ಪ್ಲೇಗಿನ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರಗಳು 'ಎಕ್ಸ್‌ಟೆನ್ಷನ್' ಎನಿಸಿಕೊಂಡವು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ 'ನಗರ' ಬಂತು. ಆಮೇಲಿನದು ಲೇಔಟಿನ ಯುಗ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಬಿ.ಟಿ.ಎಂ. ಎಂಬ ಮೂರಕ್ಷರಗಳಾದದ್ದು ಈ ಕಾಲದಲ್ಲೇ. ತಾವರೆ, ಕೆರೆ ಎರಡೂ ಈಗ 'ಟಿ' ಎಂಬ ಒಂದಕ್ಷರದೊಳಗೆ ಅಡಗಿವೆ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಎಷ್ಟು ಮಂದಿಗೆ ಅದು ಗೊತ್ತು?

ಬೇಗೂರು ಇದನ್ನು ಯೋಚಿಸಲು ತಕ್ಕ ಸ್ಥಳ. 'ಬೆಂಗಳೂರು' ಎಂಬ ಹೆಸರನ್ನು ನಮಗೆ ಉಳಿಸಿಕೊಟ್ಟದ್ದು ಇಲ್ಲಿನ, ಸುಮಾರು ಕ್ರಿ.ಶ. 890ರ ವೀರಗಲ್ಲು. ಗಂಗರ ಕಾಲದ ಇನ್ನೊಂದು ಬೇಗೂರು ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರ ಕಾದಿ ಮಡಿದ ಬಳಿಕ 'ಬೆಂಪೂರು ಹನ್ನೆರಡು' ಎಂಬ ಊರುಗಳ ಗುಂಪನ್ನು ದತ್ತಿ ಕೊಟ್ಟ ಸಂಗತಿ ಅದರಲ್ಲಿದೆ. ಬೆಂಪೂರೆಂದರೆ ಇಂದಿನ ಬೇಗೂರು. ಅಂದಿನ ಅರಸನೂ ನೆಲ ಹಂಚಿದವನೇ, ಅವನನ್ನು ಹೊಗಳಬೇಕಾಗಿಲ್ಲ. ಆದರೆ ಆ ಕಲ್ಲು ಊರುಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತದೆ.

ನಮ್ಮ ತಕರಾರು ಪರಭಾಷೆಯ ಬಗ್ಗೆ ಅಲ್ಲ. 'ತಕರಾರು' ಕೂಡ ಅರಬಿಯಿಂದ ಬಂದದ್ದೇ. ಜಮೀನು ಪಾರಸಿಯದು, ರೈತ, ಜಿಲ್ಲೆ, ತಾಲೂಕು ಅರಬಿ ಮೂಲದವು. ತಾಲೂಕಿನ ಮೂಲಾರ್ಥ ಸಂಬಂಧ, ನಂಟು. ಆ ಪದಗಳೂ ಆಳುವವರ ಕಚೇರಿಯಿಂದಲೇ ಇಳಿದು ಬಂದವು ನಿಜ. ಆದರೂ ಹಳ್ಳಿಗಳ ಹೆಸರು ಅವುಗಳ ಕೆಳಗೆ ಉಳಿದುಕೊಂಡವು. ಲೇಔಟ್ ಆ ಹೆಸರನ್ನೇ ತೆಗೆದು ತಾನು ಕೂರುತ್ತದೆ.

ಇನ್ನು 'ರೆವಿನ್ಯೂ ಲೇಔಟ್' ಎಂಬುದೊಂದಿದೆ. 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಸಾಗುವಳಿ ಜಮೀನನ್ನು ಮನೆಗಳಿಗೆ ಬಳಸಲು ಅನುಮತಿ ಬೇಕು. ಅದಿಲ್ಲದೆ ಹೊಲವನ್ನು ಮೂವತ್ತು-ನಲವತ್ತರ ಸೈಟುಗಳಾಗಿ ಕತ್ತರಿಸಿ ಮಾರಿದ ಜಾಗಕ್ಕೆ ಈ ಹೆಸರು. ಪದದ ಅರ್ಥವೇ ತಲೆಕೆಳಗಾಗಿದೆ: ಮಂಜೂರಾದ ನಕ್ಷೆಯೇ ಇಲ್ಲದ್ದಕ್ಕೆ ನಕ್ಷೆಯ ಹೆಸರು! ಕೊಳ್ಳುವವರು ಬಹುಪಾಲು ಗಾರ್ಮೆಂಟ್ಸ್ ಕೆಲಸದವರು, ಡ್ರೈವರುಗಳು, ಸಣ್ಣ ಅಂಗಡಿಯವರು. ಅವರು ಸಾಲ ಮಾಡಿ ಮನೆ ಕಟ್ಟಿ, ಟ್ಯಾಂಕರ್ ನೀರಿಗೆ ಕಾಯುತ್ತ ಕೂತಿರುತ್ತಾರೆ. ಕಡತದಲ್ಲಿ ಮಾತ್ರ ಅವರ ಅಡುಗೆಮನೆ ಇನ್ನೂ ಹೊಲವಾಗಿಯೇ ಇದೆ.